ಒಂಬತ್ತನೇ ಸಿ ತರಗತಿಗೆ ಬಂದ ಕ್ರೀಟಿನ ಗಾಳಿ

ಹೋದ ತಿಂಗಳು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬಳು ಕಾಗದದ ಪೊಟ್ಟಣವೊಂದನ್ನು ಬಿಚ್ಚಿದಳು. ರಜೆಯಲ್ಲಿ ಗ್ರೀಸಿಗೆ ಹೋಗಿ ಬಂದವಳು. ಒಣಗಿದ ಕಡ್ಡಿ, ಬೂದು ಬಣ್ಣದ ಎಲೆ, ಪುಡಿಪುಡಿಯಾದ ಹಳದಿ ಹೂ. "ಬೆಟ್ಟದ ಚಹಾ ಅಂತೆ, ಕುಡಿದು ನೋಡು" ಎಂದು ಬಿಸಿನೀರು ಸುರಿದಳು. ಆ ಹಬೆ ಮೂಗಿಗೆ ಬಡಿದದ್ದೇ ತಡ, ಸಿಡ್ನಿಯ ರೌಸ್ ಹಿಲ್‌ನಲ್ಲಿ ಕುಳಿತಿದ್ದ ನಾನು ಮೆಲ್ಬರ್ನಿನ ರಸ್ತೆಬದಿಯ ಒಂದು ಬೆಂಚಿನ ಮೇಲಿದ್ದೆ. ಎರಡು ಸಾವಿರದ ಏಳನೇ ಇಸವಿಯ ಆಗಸ್ಟ್. ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ, ಪಕ್ಕದಲ್ಲಿ ಬಿಳಿ ಕೋಟು ತೊಟ್ಟ ಎಪ್ಪತ್ತು ದಾಟಿದ ಮುದುಕ.

ಆ ಆರು ವಾರಗಳ ಕಥೆಯನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಅದು ನಾನು ಗೆದ್ದ ಕಥೆ. ಗೆದ್ದದ್ದನ್ನು ತಾನೇ ಹೇಳಿಕೊಳ್ಳಬಾರದೆಂದು ನಮ್ಮವ್ವ ಕಲಿಸಿದ್ದಳು. ಈಗ ವಯಸ್ಸಾಯಿತು, ಹೇಳಿಬಿಡುತ್ತೇನೆ.

ಗದಗಿನ ಹೈಸ್ಕೂಲೊಂದರಲ್ಲಿ ಒಂಬತ್ತು ವರ್ಷ ಭೂಗೋಳ ಕಲಿಸಿದವಳು ನಾನು. ಗಂಡ ಶಿವಾನಂದ ಡೀಸೆಲ್ ಮೆಕ್ಯಾನಿಕ್. ಲಾರಿ ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುವ ಅವರ ಕೈಗೆ ಆಸ್ಟ್ರೇಲಿಯ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಕೊಟ್ಟಿತು, ನಾನು ಜೊತೆಗೆ ಬಂದೆ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮನೆ ಹಿಡಿದೆವು. ನನ್ನ ಬಿ.ಎಡ್. ಇಲ್ಲಿ ಸಾಲದು, ಒಂದು ವರ್ಷದ ಡಿಪ್ಲೊಮಾ ಮಾಡಬೇಕು ಎಂದರು, ಸೇರಿದೆ. ಅದರಲ್ಲಿ ಎರಡು ಸಲ ಶಾಲೆಗಳಿಗೆ ಹೋಗಿ ಪಾಠ ಮಾಡಿ ತೋರಿಸಬೇಕು. ಮೊದಲ ಸಲ ನಾನು ಫೇಲಾದೆ. "ವಿಷಯಜ್ಞಾನ ಚೆನ್ನಾಗಿದೆ. ಆದರೆ ಇವರ ಪಾಠ ಮಕ್ಕಳಿಗೆ ತಲುಪುವುದಿಲ್ಲ" ಎಂದು ಬರೆದಿದ್ದರು. ಎರಡನೆಯ ಸಲವೂ ಹಾಗೇ ಆದರೆ ಕೋರ್ಸಿನಿಂದಲೇ ಹೊರಗೆ.

ಒಂಬತ್ತು ವರ್ಷ ಕಲಿಸಿದವಳಿಗೆ ಕಲಿಸಲು ಬರುವುದಿಲ್ಲ ಎನ್ನಿಸಿಕೊಳ್ಳುವುದು ಹೇಗಿರುತ್ತದೆಂದು ಹೇಗೆ ಹೇಳಲಿ? ಒಂದು ವಾರ ಊಟ ಸೇರಲಿಲ್ಲ.

ಎರಡನೆಯ ಶಾಲೆ ಊರಿನ ಉತ್ತರ ಭಾಗದಲ್ಲಿತ್ತು. ಮೇಲ್ವಿಚಾರಣೆಯ ಶಿಕ್ಷಕಿಯ ಹೆಸರು ಜಿಲ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು ಮೇಡಂ ಎನ್ನದೆ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಒಳ್ಳೆಯ ಹೆಂಗಸು, ಆದರೆ ಮಾತು ಚುಟುಕು. ಮೊದಲ ದಿನವೇ ನನ್ನ ಕೈಗೆ ಒಂದು ಹಾಳೆ ಕೊಟ್ಟರು. "ಒಂಬತ್ತನೇ ಸಿ. ಮೆಡಿಟರೇನಿಯನ್ ಸಮುದ್ರದ ಒಂದು ಬೆಟ್ಟಗುಡ್ಡದ ದ್ವೀಪ, ಅದರ ವಾಯುಗುಣ. ಕ್ರೀಟ್ ತಗೊಳ್ಳಿ. ಆರು ವಾರ ನಿಮ್ಮದು."

ನನಗೆ ಒಳಗೊಳಗೇ ಖುಷಿ. ಮೆಡಿಟರೇನಿಯನ್ ವಾಯುಗುಣ! ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ, ಬೆಳೆ ಆಲಿವ್ ಮತ್ತು ದ್ರಾಕ್ಷಿ. ಗದಗಿನಲ್ಲಿ ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಸಿದ ಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಮರುದಿನ ಹಾಗೆಯೇ ಹೇಳಿದೆ ಕೂಡ. ಹತ್ತು ನಿಮಿಷಕ್ಕೆ ಹಿಂದಿನ ಸಾಲು ಮಾತಿಗೆ ಶುರುವಿಟ್ಟುಕೊಂಡಿತು. ಮೂರನೆಯ ಬೆಂಚಿನಲ್ಲಿ ತಾಲಿಯಾ ಎಂಬ ಹುಡುಗಿ, ಬಾಯಿ ಜೋರು, ಕಣ್ಣು ಚುರುಕು, ಕೈ ಎತ್ತಿದಳು.

"ಮಿಸ್, ಅಲ್ಲಿ ಬೇಸಿಗೆಯಲ್ಲಿ ಯಾಕೆ ಮಳೆ ಬರಲ್ಲ?"

ನಾನು ಉಪೋಷ್ಣವಲಯದ ಅಧಿಕ ಒತ್ತಡದ ಪಟ್ಟಿ ಉತ್ತರಕ್ಕೆ ಸರಿಯುವುದನ್ನು ವಿವರಿಸಿದೆ. ಒಂದೇ ಉಸಿರಿನಲ್ಲಿ, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ.

"ಥ್ಯಾಂಕ್ಸ್ ಮಿಸ್" ಎಂದಳು ಅವಳು. "ಈಗ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳ್ತೀರಾ?"

ತರಗತಿ ಗೊಳ್ಳೆಂದಿತು. ಜಿಲ್ ಹಿಂದೆ ಕುಳಿತು ಏನೋ ಬರೆದುಕೊಂಡರು.

ಮರುದಿನ ಬೆಳಗ್ಗೆ ಒಳಗೆ ಹೋಗಲು ಕಾಲು ಏಳಲಿಲ್ಲ. ಶಾಲೆಯ ಎದುರು ಮಕ್ಕಳು ರಸ್ತೆ ದಾಟುವ ಜಾಗದಲ್ಲೊಂದು ಬೆಂಚಿತ್ತು, ಕುಳಿತೆ. ಕೈಯಲ್ಲಿ ಕ್ರೀಟಿನ ನಕ್ಷೆ. ಮಕ್ಕಳನ್ನು ರಸ್ತೆ ದಾಟಿಸುವ ಮುದುಕ, ಬಿಳಿ ಕೋಟು, ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಸ್ಟಾಪ್ ಬೋರ್ಡು, ಕೊರಳಲ್ಲಿ ಸೀಟಿ, ಕೊನೆಯ ಮಗುವನ್ನು ದಾಟಿಸಿ ಬಂದು ಪಕ್ಕದಲ್ಲಿ ಕುಳಿತ. ನಕ್ಷೆ ನೋಡಿದ. ಮತ್ತೆ ನನ್ನನ್ನು ನೋಡಿದ.

"ಇದನ್ನು ತಲೆಕೆಳಗು ಹಿಡಿದಿದ್ದೀಯ" ಎಂದ. ಅವನ ಇಂಗ್ಲಿಷು ತುಂಡು ತುಂಡು. "ನನ್ನ ಊರು ಇದು. ಇಲ್ಲಿ." ದಪ್ಪ ಬೆರಳನ್ನು ದ್ವೀಪದ ದಕ್ಷಿಣದ ಅಂಚಿಗೆ ಇಟ್ಟ.

ಹೆಸರು ಮನೋಲಿ. ಹರೆಯದಲ್ಲಿ ಹಡಗಿನಲ್ಲಿ ಬಂದವನು, ಕಾರು ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾದವನು, ಅದಕ್ಕೂ ಮುಂಚೆ ಕ್ರೀಟಿನ ಬಿಳಿ ಬೆಟ್ಟಗಳಲ್ಲಿ ಕುರಿ ಕಾದವನು. ಅಭ್ಯಾಸಬಲದಿಂದ ನಾನು "ಅಂಕಲ್" ಎಂದೆ.

"ಅಂಕಲ್? ನಾನು ನಿಮ್ಮಪ್ಪನ ಯಾವ ತಮ್ಮ?"

"ನಮ್ಮ ಕಡೆ ದೊಡ್ಡವರಿಗೆ ಹಾಗೆ ಅಂತೀವಿ."

"ಹಾಗಾದರೆ ಅನ್ನು" ಎಂದು ಫ್ಲಾಸ್ಕಿನ ಮುಚ್ಚಳ ತುಂಬ ಚಹಾ ಬಗ್ಗಿಸಿ ಕೊಟ್ಟರು. ಬೆಟ್ಟದ ಚಹಾ. ಆಗಲೇ ಆ ವಾಸನೆಯ ಮೊದಲ ಪರಿಚಯ.

ಅಂದಿನಿಂದ ಅರ್ಧ ಗಂಟೆ ಮೊದಲೇ ಬರತೊಡಗಿದೆ. ಮಕ್ಕಳ ಗುಂಪುಗಳ ನಡುವೆ ಸಿಗುವ ಬಿಡುವಿನಲ್ಲಿ, ಎದ್ದು ಹೋಗಿ ಸೀಟಿ ಊದಿ ಬಂದು ಮತ್ತೆ ಕುಳಿತು, ಮನೋಲಿ ಅಂಕಲ್ ನನಗೆ ಒಂದು ದ್ವೀಪದ ವರ್ಷವನ್ನು ಹೇಳಿದರು.

"ನಮ್ಮ ವರ್ಷ ಜನವರಿಗೆ ಶುರುವಾಗಲ್ಲ. ಮೊದಲ ಮಳೆಗೆ ಶುರು" ಎಂದರು. ಮೇ ತಿಂಗಳಿಂದ ಆಕಾಶ ಖಾಲಿ. ಹೊಳೆಗಳೆಲ್ಲ ಬರಿ ಕಲ್ಲು. ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಪಶ್ಚಿಮದಲ್ಲಿ ಒಂದು ಕಪ್ಪು ಗೆರೆ ಏಳುತ್ತದೆ. ಆ ಮಳೆ ಬಿದ್ದ ಮರುದಿನ ಬೆಳಗಿನ ಜಾವ ಊರಿಗೆ ಊರೇ ಬುಟ್ಟಿ ಹಿಡಿದು ಗುಡ್ಡಕ್ಕೆ ಓಡುತ್ತದೆ, ಬಸವನಹುಳು ಆರಿಸಲು. ತಿಂಗಳುಗಟ್ಟಲೆ ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಲ್ಲಿನಡಿ ಮಲಗಿದ್ದ ಹುಳುಗಳು ಎದ್ದು ಹೊರಟಿರುತ್ತವೆ. ಅಂಕಲ್ಲರ ಅವ್ವ ಅದನ್ನು ಎಣ್ಣೆಯಲ್ಲಿ ಹುರಿಯುವ ರೀತಿ ಹೇಳುವಾಗ ಲಿಂಗಾಯತರ ಮನೆಯ ನಾನು ಮುಖ ಆ ಕಡೆ ತಿರುಗಿಸಿದೆ. ಅವರು ನಕ್ಕು ಇನ್ನಷ್ಟು ವಿವರವಾಗಿ ಹೇಳಿದರು.

ನವೆಂಬರಿಗೆ ಆಲಿವ್ ಬಡಿಯುವ ಕೆಲಸ. ಡಿಸೆಂಬರಿಗೆ ಬೆಟ್ಟದ ತಲೆ ಬೆಳ್ಳಗಾಗುತ್ತದೆ, ದಾರಿಗಳು ಮುಚ್ಚುತ್ತವೆ. ಕುರಿ ಮಂದೆ ಅಷ್ಟರಲ್ಲಿ ಕೆಳಗೆ ಸಮುದ್ರದ ದಂಡೆಗೆ ಇಳಿದಿರಬೇಕು. "ಮೇಲೆ ಎದೆಮಟ್ಟ ಹಿಮ. ಕೆಳಗೆ ನಮ್ಮಪ್ಪ ಅಂಗಿ ಬಿಚ್ಚಿ ಬಿಸಿಲಿಗೆ ಕುಳಿತಿರುತ್ತಿದ್ದ. ಒಂದೇ ದಿನ. ನಡೆದರೆ ಅರ್ಧ ದಿನದ ದಾರಿ." ಜನವರಿಯ ನಡುವೆ ಕೆಲವು ದಿನ ಗಾಳಿ ಸತ್ತುಹೋಗುತ್ತದೆ, ಸಮುದ್ರ ಗಾಜಿನ ಹಾಗೆ ನಿಲ್ಲುತ್ತದೆ, ಮಿಂಚುಳ್ಳಿಗೆ ಮೊಟ್ಟೆಯಿಡಲು ದೇವರು ಕೊಟ್ಟ ದಿನಗಳವು ಎನ್ನುತ್ತಾರೆ. ಮಾರ್ಚಿನಲ್ಲಿ ದಕ್ಷಿಣದ ಗಾಳಿ, ಆಫ್ರಿಕಾದಿಂದ ಸಮುದ್ರ ದಾಟಿ ಬರುವುದು. ಆಕಾಶ ಕೆಂಪು, ಸೂರ್ಯ ಹಳದಿ ಬಿಲ್ಲೆ, ಹಲ್ಲಿನ ಸಂದಿಯಲ್ಲಿ ಮರಳು. ಆಗ ಹನಿದರೆ ಕೆಂಪು ಮಳೆ. ಒಣಹಾಕಿದ ಬಟ್ಟೆ ಹಾಳು, ಹೆಂಗಸರ ಬಾಯಲ್ಲಿ ಬೈಗುಳ. ಮೇ ತಿಂಗಳಿಗೆ ಮಂದೆ ಮತ್ತೆ ಬೆಟ್ಟ ಹತ್ತುತ್ತದೆ. ಮೇಲೆ ಆಳದ ಗುಂಡಿಗಳಲ್ಲಿ ಹಿಮ ಇನ್ನೂ ಉಳಿದಿರುತ್ತದೆ. ಅವರ ಅಜ್ಜ ಆ ಹಿಮವನ್ನು ಸೊಪ್ಪು ಮುಚ್ಚಿ ಕಾಪಾಡಿ, ಆಗಸ್ಟಿನ ಸುಡುಬಿಸಿಲಿನಲ್ಲಿ ಹೇಸರಗತ್ತೆಯ ಮೇಲೆ ಹೇರಿ ಪಟ್ಟಣಕ್ಕೆ ಒಯ್ಯುತ್ತಿದ್ದರಂತೆ, ಶರಬತ್ತಿನವರಿಗೆ.

"ಮತ್ತೆ ಬೇಸಿಗೆಯ ಗಾಳಿ, ಉತ್ತರದ್ದು" ಎಂದರು ಒಂದು ದಿನ. "ಪುಸ್ತಕದಲ್ಲಿ ಏನು ಬರೆದಿದೆ?"

"ತಂಪಾದ ಗಾಳಿ ಅಂತ."

"ಉತ್ತರದ ದಂಡೆಯವರು ಬರೆದ ಪುಸ್ತಕ!" ಎಂದು ಸ್ಟಾಪ್ ಬೋರ್ಡಿನ ಕೋಲನ್ನು ನೆಲಕ್ಕೆ ಕುಟ್ಟಿದರು. "ಅವರಿಗೆ ತಂಪು. ಅದೇ ಗಾಳಿ ಬೆಟ್ಟ ಹತ್ತಿ ನಮ್ಮ ಕಡೆ ಇಳಿಯುವಾಗ ಒಲೆಯ ಬಾಯಿಂದ ಬಂದಹಾಗೆ ಬರುತ್ತೆ, ಕುರ್ಚಿ ಹಾರಿಸುತ್ತೆ. ದಕ್ಷಿಣದ ಗಾಳಿ ಬೀಸಿದರೆ ಉತ್ತರದವರು ಬೇಯುತ್ತಾರೆ. ನಡುವೆ ಬೆಟ್ಟ ಇದೆಯಲ್ಲ! ನಿನ್ನ ಊರಿನಲ್ಲಿ ಮಳೆ ಯಾವ ಕಡೆಯಿಂದ?"

"ಪಶ್ಚಿಮದಿಂದ. ಅರಬ್ಬೀ ಸಮುದ್ರದಿಂದ. ಮಧ್ಯೆ ಘಟ್ಟ ಇದೆ. ಮಳೆಯನ್ನೆಲ್ಲ ಅದೇ ಕುಡಿದುಬಿಡುತ್ತೆ. ಜುಲೈ ತಿಂಗಳಿನಲ್ಲಿ ಆ ಕಡೆ ವಾರಗಟ್ಟಲೆ ಬಿಸಿಲಿಲ್ಲ, ನಮ್ಮ ಗದಗಿಗೆ ಬರೋದು ಖಾಲಿ ಮೋಡ, ಬರೀ ಗಾಳಿ. ಹಾಕಿದ ಸೀರೆ ಅರ್ಧ ಗಂಟೆಗೆ ಒಣಗುತ್ತೆ..."

ಹೇಳುತ್ತ ಹೇಳುತ್ತ ನಿಂತುಬಿಟ್ಟೆ. ಮಳೆ ನೆರಳಿನ ಪ್ರದೇಶ ಎಂದರೇನು? ಎರಡು ಅಂಕದ ಪ್ರಶ್ನೆ. ಒಂಬತ್ತು ವರ್ಷ ಉತ್ತರ ಬರೆಸಿದ್ದೆ. ನನ್ನ ಸೀರೆ ಒಣಗುತ್ತಿದ್ದದ್ದು ಆ ನೆರಳಿನಲ್ಲೇ ಎಂದು ಒಂದು ಮಗುವಿಗೂ ಹೇಳಿರಲಿಲ್ಲ.

ಮನೋಲಿ ಅಂಕಲ್ ತೊಡೆ ತಟ್ಟಿದರು. "ಹಾಗಾದರೆ ನೀನು ನಮ್ಮ ಕಡೆಯವಳು! ಬೆಟ್ಟದ ಹಿಂದಿನವಳು!"

ಅಂದು ತರಗತಿಗೆ ನೋಟ್ಸು ಒಯ್ಯಲಿಲ್ಲ. ಬೋರ್ಡಿನ ಮೇಲೆ ಒಂದು ಪಾತ್ರೆ ಬರೆದು, ಬೇಸಿಗೆಯಲ್ಲಿ ಭಾರವಾದ ಗಾಳಿ ಆ ಸಮುದ್ರದ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ, ಹಬೆ ಮೇಲೇಳಲು ಬಿಡುವುದಿಲ್ಲ, ಚಳಿಗಾಲಕ್ಕೆ ಮುಚ್ಚಳ ದಕ್ಷಿಣಕ್ಕೆ ಸರಿಯುತ್ತದೆ, ಪಶ್ಚಿಮದ ಮೋಡಗಳು ಒಳನುಗ್ಗುತ್ತವೆ ಎಂದೆ. ಬಸವನಹುಳು ಎಂದೆ. ಕೆಂಪು ಮಳೆ ಎಂದೆ. ಆಗಸ್ಟಿನಲ್ಲಿ ಹಿಮ ಮಾರಿದ ಅಜ್ಜನ ಕಥೆ ಹೇಳಿದೆ. ಆಮೇಲೆ ಗದಗಿನ ಕಥೆ. ತಾಲಿಯಾ ಕೈ ಎತ್ತಿದಳು.

"ಮಿಸ್, ಅಂದರೆ ಆ ಬೆಟ್ಟ ನಿಮ್ಮ ಮಳೆ ಕದ್ದಿತು?"

"ಹೌದು. ಪ್ರತಿ ವರ್ಷ."

"ಅದು ಮೋಸ" ಎಂದು ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಅವಳು ಬರೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬಂದು ಶಿವಾನಂದರಿಗೆ ಹೇಳಿದೆ. ಅವರು ಕೈಗೆ ಹತ್ತಿದ ಗ್ರೀಸು ಉಜ್ಜುತ್ತ ಕೇಳಿ, "ಗದಗಿನ ಗಾಳಿ ಕಥಿ ಹೇಳಿ ಗೋರಾ ಮಕ್ಕಳನ್ನ ಸುಮ್ನ ಕುಂದರ್ಸಿದ್ಯಾ?" ಎಂದು ನಕ್ಕರು. "ಇದ್ನ ಮೊದಲನೇ ಸಲಾನ ಮಾಡಬೇಕಿತ್ತಲ್ಲ."

"ಆಗ ನಂಗೊತ್ತಿರ್ಲಿಲ್ರಿ."

"ಏನು, ಗದಗು ಗೊತ್ತಿರ್ಲಿಲ್ಲೇನು?"



ಕೊನೆಯ ವಾರ ಕಾಲೇಜಿನಿಂದ ಪರೀಕ್ಷಕರು ಬರುವವರಿದ್ದರು. ಒಂದೇ ಒಂದು ಪಾಠ ನೋಡುತ್ತಾರೆ, ಅಲ್ಲೇ ತೀರ್ಮಾನ. ಹಿಂದಿನ ದಿನ ಜಿಲ್ ನನ್ನ ಯೋಜನೆ ಓದಿ ಕನ್ನಡಕ ತೆಗೆದರು. ನಾನು ಮಕ್ಕಳನ್ನು ಹೊರಗೆ ಮೈದಾನಕ್ಕೆ ಕರೆದೊಯ್ಯುತ್ತೇನೆಂದು ಬರೆದಿದ್ದೆ. ಅಲ್ಲಿ ಮಕ್ಕಳು ಚೆಂಡು ಹೊಡೆದು ಆಡುವ ಒಂಟಿ ಇಟ್ಟಿಗೆ ಗೋಡೆಯೊಂದಿತ್ತು, ಆಳಿಗಿಂತ ಎತ್ತರ, ಪೂರ್ವಪಶ್ಚಿಮವಾಗಿ ನಿಂತದ್ದು. ಅದೇ ನನ್ನ ಕ್ರೀಟಿನ ಬೆಟ್ಟಸಾಲು.

"ನಾಳೆ ಬಿರುಗಾಳಿ ಇದೆ. ಮಧ್ಯಾಹ್ನಕ್ಕೆ ಹವೆ ಬದಲಾಗುತ್ತೆ ಅಂತಿದ್ದಾರೆ" ಎಂದರು ಜಿಲ್. "ಗಿರಿಜಾ, ಪರೀಕ್ಷೆಯ ದಿನ ಯಾರೂ ಒಂಬತ್ತನೇ ಸಿಯನ್ನು ಬಾಗಿಲಾಚೆ ಬಿಡುವುದಿಲ್ಲ. ಒಳಗೆ ಪ್ರೊಜೆಕ್ಟರ್ ಹಾಕಿ, ನಕ್ಷೆ ತೋರಿಸಿ. ಪಾಸಾಗುತ್ತೀರಿ."

"ಹವೆ ಬದಲಾಗುತ್ತೆ ಅಂತಲೇ ಹೊರಗೆ ಹೋಗ್ತೀನಿ, ಜಿಲ್."

ಆ ಹೆಸರು ಅಂದು ಸಲೀಸಾಗಿ ಬಂತು. ಅವರು ಸಹಿ ಹಾಕಿ ಕೊಟ್ಟರು.

ಮರುದಿನ ಬೆಳಗ್ಗೆ ಶಾಲೆಯ ದಾರಿಯ ವೆಸ್ಟ್ ಗೇಟ್ ಸೇತುವೆಯ ಮೇಲೆ ಕಾರು ಪಕ್ಕಕ್ಕೆ ಸರಿಯುತ್ತಿತ್ತು, ಅಷ್ಟು ಗಾಳಿ. ಸೆಪ್ಟೆಂಬರ್. ಮೆಲ್ಬರ್ನಿನಲ್ಲಿ ಉತ್ತರದ ಗಾಳಿಯೆಂದರೆ ಒಳನಾಡಿನ ಬಯಲಿನಿಂದ ಬರುವ ಬೆಚ್ಚನೆಯ ಒಣಗಾಳಿ. ಅದು ಸುಸ್ತಾದಾಗ ನೈಋತ್ಯದಿಂದ, ಸಮುದ್ರದ ಕಡೆಯಿಂದ, ತಣ್ಣನೆಯ ಗಾಳಿ ಒಮ್ಮೆಲೇ ನುಗ್ಗುತ್ತದೆ. ಯಾವ ಗಳಿಗೆಗೆಂದು ಮಾತ್ರ ಯಾರೂ ಹೇಳಲಾರರು. ನನ್ನ ಪಾಠ ಮಧ್ಯಾಹ್ನ ಎರಡಕ್ಕೆ.

ಪರೀಕ್ಷಕರು ಉದ್ದನೆಯ ಮನುಷ್ಯ, ಕ್ಲಿಪ್ ಹಾಕಿದ ಹಲಗೆಯ ಮೇಲೆ ಹಾಳೆಗಳ ಕಟ್ಟು. ಮಕ್ಕಳು ಸೀಮೆಸುಣ್ಣದಿಂದ ಗೋಡೆಯ ಎರಡೂ ಮುಖದ ಮೇಲೆ ಬಿಳಿ ಶಿಖರಗಳನ್ನು ಬರೆದರು. ಅರ್ಧ ತರಗತಿ ಉತ್ತರದ ದಂಡೆ, ಅರ್ಧ ದಕ್ಷಿಣದ ದಂಡೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಚೀಲದಿಂದ ಕತ್ತರಿಸಿದ ಒಂದೊಂದು ಪಟ್ಟಿ, ಗಾಳಿ ನೋಡಲು. ತಾಲಿಯಾ ಚಳಿಗಾಲದ ಮಳೆಗಾಳಿಯ ಪಾತ್ರ. ಶಾಲೆಯ ಮಳೆನೀರಿನ ತೊಟ್ಟಿಯಲ್ಲಿ ಅದ್ದಿದ ದೊಡ್ಡ ಸ್ಪಂಜು ಹಿಡಿದು ಉತ್ತರದಿಂದ ಓಡಿಬಂದು, ಕುರ್ಚಿ ಹತ್ತಿ, ಬೆಟ್ಟ ಏರುತ್ತ ಏರುತ್ತ ಹಿಂಡಬೇಕು. ಉತ್ತರದವರ ತಲೆ ಒದ್ದೆಯಾಯಿತು, ಕಿರುಚಾಟವೆದ್ದಿತು. ಗೋಡೆಯಾಚೆ ಸ್ಪಂಜು ಚಾಚಿ ಹಿಂಡಿದಳು. ಒಂದು ಹನಿಯೂ ಬರಲಿಲ್ಲ.

"ದಕ್ಷಿಣದವರೇ, ನಿಮಗೆ ಏನು ಸಿಕ್ಕಿತು?" ಎಂದೆ.

"ಏನೂ ಇಲ್ಲ! ಖಾಲಿ ಗಾಳಿ!"

"ಇಂಥ ಊರಿನಲ್ಲಿ ನೀವು ಏನು ಬೆಳೆಯುತ್ತೀರಿ? ಮಂದೆಯನ್ನು ಯಾವಾಗ ಮೇಲೆ ಒಯ್ಯುತ್ತೀರಿ? ಬಟ್ಟೆ ಯಾವಾಗ ಒಣಹಾಕುತ್ತೀರಿ?" ಪ್ರಶ್ನೆಗಳು ಹೊರಟವು, ಉತ್ತರಗಳು ನುಗ್ಗಿಬಂದವು. ದಕ್ಷಿಣದವರು ಉತ್ತರದವರ ಜೊತೆ ನಿಜವಾಗಿಯೂ ಜಗಳಕ್ಕೆ ಬಿದ್ದರು. ಪರೀಕ್ಷಕರು ಬರೆಯುತ್ತಿದ್ದರು, ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಬೆನ್ನಿಗೆ ಬಿಸಿಗಾಳಿ ಬಡಿಯುತ್ತಿತ್ತು. ಎರಡೂವರೆ. ಇನ್ನು ಇಪ್ಪತ್ತು ನಿಮಿಷ. ಗಾಳಿ ತಿರುಗದಿದ್ದರೂ ಪಾಠ ಮುಗಿಸಬಹುದಿತ್ತು. ಆದರೆ ಮನಸ್ಸು ಬೇಡುತ್ತಿತ್ತು, ಬಾ, ಒಂದು ಸಲ ಬಾ.

ಮೊದಲು ಗಾಳಿ ನಿಂತಿತು. ಅಷ್ಟೂ ಪಟ್ಟಿಗಳು ಜೋತುಬಿದ್ದವು. ಮಕ್ಕಳ ಮಾತೂ ತಾನಾಗಿ ನಿಂತಿತು. ಆಮೇಲೆ ಒಂದು ಪಟ್ಟಿ ಅಲುಗಿತು, ಇನ್ನೊಂದು ಎದ್ದಿತು, ನೋಡನೋಡುತ್ತ ಎಲ್ಲವೂ ಒಟ್ಟಿಗೆ ಎದುರು ದಿಕ್ಕಿಗೆ ಚಾಚಿ ಪಟಪಟ ಹೊಡೆದುಕೊಂಡವು.

"ತಿರುಗಿತು! ಮಿಸ್, ತಿರುಗಿತು!"

ತಣ್ಣನೆಯ ಗಾಳಿ ಮೈದಾನಕ್ಕೆ ನುಗ್ಗಿತು. ಪರೀಕ್ಷಕರ ಹಾಳೆಗಳು ಕ್ಲಿಪ್ಪಿನಿಂದ ಕಿತ್ತುಕೊಂಡು ಹಾರಿದವು, ಜಿಲ್ ಬೆನ್ನಟ್ಟಿ ಓಡಿದರು. ಅದರ ಹಿಂದೆಯೇ ಮಳೆ, ಓರೆಯಾಗಿ, ದಪ್ಪ ಹನಿ. ದಕ್ಷಿಣದ ದಂಡೆಯವರು ತೊಯ್ದು ತೊಪ್ಪೆಯಾದರು, ಅವರ ಬಿಳಿ ಶಿಖರಗಳು ಕಣ್ಣೆದುರೇ ಕರಗಿ ಇಳಿದವು. ಒಳಗೆ ಓಡಿ ಎನ್ನಬೇಕಿತ್ತು ನಾನು. ಎನ್ನುವಷ್ಟರಲ್ಲಿ ಗೋಡೆಯ ಉತ್ತರದ ಕಡೆಯಿಂದ ತಾಲಿಯಾಳ ಕೂಗು.

"ಯಾರೂ ಅಲ್ಲಾಡಬೇಡಿ! ಮಿಸ್, ಇಲ್ಲಿ ಬನ್ನಿ, ನೋಡಿ!"

ಹೋಗಿ ನೋಡಿದೆ. ಉತ್ತರದ ದಂಡೆಯ ಹನ್ನೊಂದು ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು. ಅವರ ಮುಂದಿನ ಒಂದು ಮಾರು ನೆಲ ಒಣಗಿತ್ತು. ಅದರಾಚೆ ಮಳೆ ಸುರಿಯುತ್ತಿತ್ತು. ತಲೆಯ ಮೇಲಿನ ಸೀಮೆಸುಣ್ಣದ ಶಿಖರ ಒಂದು ಗೆರೆಯೂ ಅಳಿಸದೆ ಬೆಳ್ಳಗಿತ್ತು.

"ನಾವು ಗದಗ್ ಆಗಿದ್ದೀವಿ, ಮಿಸ್!" ಎಂದು ಕಿರುಚಿದಳು ಅವಳು. ಹನ್ನೊಂದೂ ಮಕ್ಕಳು ಸೇರಿಸಿಕೊಂಡರು. "ಗದಗ್! ಗದಗ್!"

ನನ್ನ ಊರಿನ ಹೆಸರನ್ನು ಅಷ್ಟು ದೂರದ ಮೈದಾನದಲ್ಲಿ, ಆ ಮಳೆಯಲ್ಲಿ, ಅವರು ಕೂಗಿದ ರೀತಿ! ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ, ಮುಖವೆಲ್ಲ ಒದ್ದೆಯಾಗಿತ್ತು.

ಪರೀಕ್ಷಕರು ಬಂದು ಗೋಡೆಯ ಎರಡೂ ಕಡೆ ನೋಡಿದರು. ಒಣಗಿದ ಜಾಗದಲ್ಲಿ ನಿಂತರು, ತೊಯ್ಯುವ ಜಾಗಕ್ಕೆ ಒಂದು ಹೆಜ್ಜೆ ಇಟ್ಟರು, ಮತ್ತೆ ಒಣಗಿದ ಜಾಗಕ್ಕೆ ಬಂದರು. ಚಿಕ್ಕ ಹುಡುಗನ ಹಾಗೆ.

"ಮಿಸೆಸ್ ಗಿರಿಜಾ, ನನ್ನ ಬಳಿ ಹಾಳೆಗಳಿಲ್ಲ. ಅದಕ್ಕೆ ಬಾಯಲ್ಲಿ ಹೇಳುತ್ತೇನೆ. ಇದನ್ನು ಈ ಮಕ್ಕಳು ಮರೆಯುವುದಿಲ್ಲ. ನೀವು ಪಾಸ್."

ಜಿಲ್ ಒದ್ದೆ ಹಾಳೆಗಳನ್ನು ಎದೆಗವಚಿಕೊಂಡು ಬಂದರು. ಕೂದಲು ಹಣೆಗೆ ಅಂಟಿತ್ತು. "ಪ್ರೊಜೆಕ್ಟರ್ ಎಂದಿದ್ದು ನಾನು" ಎಂದು ಪರೀಕ್ಷಕರಿಗೆ ಹೇಳಿದರು. "ಅದನ್ನೂ ಬರೆದುಕೊಳ್ಳಿ."

ಮುಂದಿನ ವರ್ಷ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಶಿವಾನಂದರ ಕೆಲಸಕ್ಕಾಗಿ ಸಿಡ್ನಿಗೆ ಬಂದೆವು, ಇಲ್ಲೂ ಕಲಿಸುತ್ತಲೇ ಇದ್ದೇನೆ. ಕ್ರೀಟಿಗೆ ಇನ್ನೂ ಹೋಗಿಲ್ಲ. ಹೋದರೆ ಮೊದಲ ಮಳೆಗೇ ಹೋಗಬೇಕೆಂದಿದೆ.

ಆ ಪರೀಕ್ಷೆಯ ದಿನ ಶಾಲೆ ಬಿಟ್ಟಾಗಲೂ ಮಳೆ ಹನಿಯುತ್ತಿತ್ತು. ಮಕ್ಕಳೆಲ್ಲ ಹೋಗುವವರೆಗೆ ಕಾದು ನಾನು ಗೇಟಿನಿಂದ ಹೊರಬಿದ್ದೆ. ರಸ್ತೆಯಾಚೆ ಮನೋಲಿ ಅಂಕಲ್ ಬೋರ್ಡು ಕಂಕುಳಲ್ಲಿಟ್ಟು ಮನೆಗೆ ಹೊರಡುವ ತಯಾರಿಯಲ್ಲಿದ್ದರು. ನನ್ನನ್ನು ಕಂಡು ಅಲ್ಲಿಂದಲೇ ಗದ್ದ ಮೇಲೆತ್ತಿ ಕೇಳಿದರು, ಏನಾಯ್ತು?

"ಪಾಸ್!" ಎಂದು ಕೂಗಿದೆ. ಜೀವನದಲ್ಲಿ ರಸ್ತೆಯ ಮೇಲೆ ಅಷ್ಟು ಜೋರಾಗಿ ಕೂಗಿದವಳಲ್ಲ ನಾನು.

ಅವರು ಬೋರ್ಡು ಎತ್ತಿ ಹಿಡಿದು ರಸ್ತೆಯ ನಡುವೆ ಬಂದು ನಿಂತು ಸೀಟಿ ಊದಿದರು. ಎರಡೂ ಕಡೆ ವಾಹನಗಳು ನಿಂತವು. ದಾಟಲು ಒಂದು ಮಗುವೂ ಇರಲಿಲ್ಲ. ಒಬ್ಬ ಲಾರಿಯವನು ಕಿಟಕಿ ಇಳಿಸಿ, ಇದೇನು ಎಂಬಂತೆ ಕೈ ತಿರುವಿದ.

"ಕಾಯಿ" ಎಂದರು ಅಂಕಲ್ ಅವನಿಗೆ. "ಟೀಚರ್ ದಾಟುತ್ತಿದ್ದಾರೆ."

ನಾನು ಅವಸರ ಮಾಡಲಿಲ್ಲ.